ಆಫ್ರಿಕಾಕ್ಕೆ ಅಂಕ ಕೊಟ್ಟ ಪ್ರೊಫೆಸರ್

ಯಲ್ಲಾಪುರದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಕೂತು ನಾನೊಂದು ಪೆದ್ದು ಪ್ರಶ್ನೆ ಕೇಳಿದ್ದೆ. ಆರು ವರ್ಷ ಆಯ್ತು, ಅದು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಗೆಳತಿ ಕೌದಿ ಕೊಳ್ಳಲು ಹೊರಟಿದ್ದಳು, ನಾನು ಸುಮ್ನೆ ಜೊತೆಗೆ ಹೋದವಳು. ಸಿದ್ದಿ ಅಜ್ಜಿಯೊಬ್ಬರು (ಸಿದ್ದಿಗಳು ಅಂದರೆ ಆಫ್ರಿಕಾ ಮೂಲದ, ಇಲ್ಲೇ ತಲೆಮಾರುಗಳಿಂದ ಇರುವ ಜನ) ಹಳೇ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೇ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ಕೌದಿ ಅಂದರೆ ಅವರ ಬಾಯಲ್ಲಿ ಕವಂದಿ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿಗೆ ತುಂಡು ತುಂಡು ಬಟ್ಟೆ ಇಡುತ್ತಾ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಸೇರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಸಣ್ಣ ಬಟ್ಟೆಯ ಫೂಲ ಹಚ್ಚಬೇಕು. ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದ ಹಾಗೆ ಅಂತ ಅಜ್ಜಿ ಹೇಳಿದರು. ಇದನ್ನೆಲ್ಲ ನೋಡಿಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು.

"ಅಜ್ಜಿ, ನಿಮ್ಮೋರು ಮೊದಲು ಎಲ್ಲಿಂದ ಬಂದವರು ಅಂತ ಏನಾದ್ರೂ ಗೊತ್ತಾ?" ಅಂತ ಕೇಳಿಬಿಟ್ಟೆ.

"ನಂದಾ? ತವರುಮನೆ ಹಳಿಯಾಳದ ಬದಿಗೆ. ಮದುವೆ ಆಗಿ ಇಲ್ಲಿಗೆ ಬಂದೆ."

"ಅಲ್ಲ ಅಜ್ಜಿ, ಅದಕ್ಕೂ ಹಿಂದೆ?"

"ಅದಕ್ಕೂ ಹಿಂದೆ ಅಂದ್ರೆ ನಮ್ಮವ್ವನ ತವರು. ಅದು ಮುಂಡಗೋಡ."

"ಅದಕ್ಕೂ ಹಿಂದೆ?"

ಅಜ್ಜಿ ಸೂಜಿ ನನ್ನ ಕೈಗೆ ಕೊಟ್ಟರು. "ದಾರ ಪೋಣಿಸಿ ಕೊಡು ತಂಗಿ. ನಂಗೆ ಕಣ್ಣು ಕಾಣೂದಿಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ಗೆಳತಿ ನಗುತ್ತಿದ್ದಳು. ನನಗೆ ಮಾತ್ರ ನಗು ಬರಲಿಲ್ಲ. ಅಜ್ಜಿಗೆ ಪ್ರಶ್ನೆ ಅರ್ಥ ಆಗಲಿಲ್ಲವೋ, ಚೆನ್ನಾಗಿ ಅರ್ಥ ಆಗಿಯೇ ಹಾಗೆ ಹೇಳಿದರೋ? ನನ್ನ ಬಾಯಿಂದ ಬಂದ ಪ್ರಶ್ನೆ ನನ್ನದೇ ಅಲ್ಲ ಅಂತ ಆಮೇಲೆ ಹೊಳೆಯಿತು. ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದುವಾಗ ಒಂದು ಹೆಸರು ಬಾಯಿಪಾಠ ಮಾಡಿದ್ದೆ. ಸಂಸ್ಕೃತಿಯ ವ್ಯಾಖ್ಯೆ ಬರೆಯಿರಿ ಅಂತ ಎರಡು ಮಾರ್ಕಿನ ಪ್ರಶ್ನೆ ಬಂದರೆ ಅವನ ಹೆಸರು ಬರೆದರೆ ಸಾಕಿತ್ತು. ಮೆಲ್ವಿಲ್ ಹರ್ಸ್ಕೋವಿಟ್ಸ್. ನಾನು ಅಜ್ಜಿಗೆ ಕೇಳಿದ ಆ ಪ್ರಶ್ನೆಯನ್ನೇ ಇಟ್ಟುಕೊಂಡು ಈ ಅಮೆರಿಕನ್ ಮಾನವಶಾಸ್ತ್ರಜ್ಞ ಮೂವತ್ತೈದು ವರ್ಷಕ್ಕೂ ಮಿಕ್ಕಿ ದುಡಿದ. ಊರಿಗೆ ಬಂದ ಮೇಲೆ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಮೊದಲ ಉತ್ತರ: ಏನೂ ಉಳಿದಿಲ್ಲ

ಹರ್ಸ್ಕೋವಿಟ್ಸ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಯುರೋಪಿನಿಂದ ವಲಸೆ ಬಂದ ಯಹೂದಿಗಳು. ಹುಡುಗ ಮೊದಲು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗಲು ಓದಲು ಹೋಗಿದ್ದ. ಅದು ಹಿಡಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ವೈದ್ಯಕೀಯ ದಳದಲ್ಲಿದ್ದು ಬಂದ, ಆಮೇಲೆ ಕೊಲಂಬಿಯಾದಲ್ಲಿ ಫ್ರಾಂಜ್ ಬೋವಾಸ್ ಕೈಕೆಳಗೆ ಮಾನವಶಾಸ್ತ್ರ ಓದಿದ. 1923ರಲ್ಲಿ ಪಿಎಚ್‌ಡಿ ಬಂತು. ವಿಷಯ ಪೂರ್ವ ಆಫ್ರಿಕಾದ ದನಕರು ಮತ್ತು ಅಲ್ಲಿಯ ಬದುಕು. ತಮಾಷೆ ಏನೆಂದರೆ ಆಗ ಆತ ಆಫ್ರಿಕಾದ ನೆಲ ಮೆಟ್ಟಿಯೇ ಇರಲಿಲ್ಲ, ಅಷ್ಟೂ ಲೈಬ್ರರಿಯಲ್ಲಿ ಕೂತು ಬರೆದದ್ದು.

ಮುಂದಿನ ಕೆಲಸ ಅಳತೆಯದ್ದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ತಲೆ, ಮೂಗು, ಮೈಬಣ್ಣ ಅಳೆಯುವುದು. ಇಂದು ಕೇಳಿದರೆ ಮೈ ಉರಿಯುತ್ತದೆ. ಆದರೆ ಬೋವಾಸ್ ಶಿಷ್ಯರು ಅಳೆಯುತ್ತಿದ್ದದ್ದು ಜನಾಂಗವಾದಿಗಳ ಲೆಕ್ಕ ಸುಳ್ಳು ಅಂತ ತೋರಿಸಲು. ಈ ಅಳತೆಗೆ ಬೀದಿಗೆ ಇಳಿದವಳು ಝೋರಾ ನೀಲ್ ಹರ್ಸ್ಟನ್. ಮುಂದೆ ದೊಡ್ಡ ಕಾದಂಬರಿಕಾರ್ತಿ ಆದವಳು, ಆಗಿನ್ನೂ ಬೋವಾಸ್ ವಿದ್ಯಾರ್ಥಿನಿ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಕ್ಯಾಲಿಪರ್ ಅನ್ನುವ ಅಳತೆಯ ಸಾಧನವೊಂದನ್ನು ತಲೆಗೆ ಹಚ್ಚಿ ಅಳೆದು ಕಳಿಸುತ್ತಿದ್ದಳಂತೆ. ಬೇರೆ ಯಾರೇ ಹಾಗೆ ಮಾಡಿದ್ದರೂ ಬೈಸಿಕೊಳ್ಳದೆ ಬರುತ್ತಿರಲಿಲ್ಲ ಅಂತ ಅವಳನ್ನು ಬಲ್ಲ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ನೆನಪು ಮಾಡಿಕೊಂಡಿದ್ದಾನೆ.

1925ರಲ್ಲಿ ಹರ್ಸ್ಕೋವಿಟ್ಸ್ ಹಾರ್ಲೆಮ್ ಬಗ್ಗೆ ಒಂದು ಲೇಖನ ಬರೆದ. ಅಲ್ಲಿಯ ಚರ್ಚು, ಸಂಘ, ಪತ್ರಿಕೆ, ಶಾಲೆ ಎಲ್ಲ ಅಮೆರಿಕದ ಯಾವುದೇ ಊರಿನ ಹಾಗೇ ಇವೆ, ಆಫ್ರಿಕಾದ ಸಂಸ್ಕೃತಿಯ ಸುಳಿವೂ ಇಲ್ಲ ಅಂತ. ಎರಡು ವರ್ಷದ ನಂತರ ಇನ್ನೊಂದು ಲೇಖನ. ಈ ಸಲ ಯಹೂದಿಗಳ ಬಗ್ಗೆ, ಅಂದರೆ ತನ್ನ ಬಗ್ಗೆ. ಓದಿನಲ್ಲಾಗಲಿ ಆಚಾರದಲ್ಲಾಗಲಿ ನಂಬಿಕೆಯಲ್ಲಾಗಲಿ ತನ್ನಲ್ಲಿ ಯಹೂದಿ ಅನ್ನುವಂಥದ್ದು ಏನೂ ಇಲ್ಲ ಅಂತ ಅದರ ಸಾರ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಥಟ್ಟನೆ ಅನ್ನಿಸಿದ್ದು, ಹಾರ್ಲೆಮ್ ಬಗ್ಗೆ ಬರೆದ ಉತ್ತರ ಹಾರ್ಲೆಮ್‌ನದ್ದಲ್ಲ, ಅವನದ್ದು. ಹೊಸ ನಾಡಿನಲ್ಲಿ ಎಲ್ಲರ ಹಾಗೆ ಆಗಬೇಕು ಅಂತ ಹೊರಟ ವಲಸಿಗರ ಮಗ, ಬೇರೆಯವರೂ ಎಲ್ಲರ ಹಾಗೆ ಆಗಿದ್ದಾರೆ ಅಂತ ನೋಡಿದ. ನಾನೂ ಹಾಗೇ ಅಲ್ವಾ? ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ದಾವಣಗೆರೆ ಮಾತು ಬಾಯಿಂದ ಹೋಗಿದೆ ಅಂತ ಎಷ್ಟು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಅಮ್ಮನಿಗೆ ಫೋನ್ ಮಾಡಿದಾಗ ಪಕ್ಕದಲ್ಲಿದ್ದವರಿಗೆ ಎಲ್ಲ ಗೊತ್ತಾಗುತ್ತಿತ್ತು.

ಅವನ ಮನಸ್ಸು ತಿರುಗಿದ್ದು ಒಂದೇ ದಿನದಲ್ಲಿ ಅಲ್ಲ. ಹರ್ಸ್ಟನ್ ಮಾತಾಡುವ ರೀತಿ, ಹಾಡುವಾಗ ಅವಳ ಮೈ ಆಡುವ ರೀತಿ ಅವನ ಕಣ್ಣಿಗೆ ಬಿದ್ದಿತ್ತು. 1927ರಲ್ಲಿ ಜರ್ಮನಿಯ ಸಂಗೀತ ವಿದ್ವಾಂಸ ಹಾರ್ನ್‌ಬೋಸ್ಟಲ್‌ಗೆ ಬರೆದ ಪತ್ರದಲ್ಲಿ ಆ ಮಾತು ಇದೆ. ರಕ್ತದ ಲೆಕ್ಕದಲ್ಲಿ ಬಿಳಿಯರ ಪಾಲೇ ಜಾಸ್ತಿ ಇರುವವಳು, ಆದರೂ ಈ ನಡೆ ನುಡಿ ಎಲ್ಲಿಂದ ಬಂತು? ಕ್ಯಾಲಿಪರ್‌ಗೆ ಸಿಗದ ಏನೋ ಒಂದು ಕ್ಯಾಲಿಪರ್ ಹಿಡಿದವಳಲ್ಲೇ ಇತ್ತು.

ಕಾಡು, ನದಿ, ಸಂತರು

1927ರಲ್ಲಿ ಆತ ಷಿಕಾಗೋ ಪಕ್ಕದ ಇವಾನ್‌ಸ್ಟನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಸಮಾಜಶಾಸ್ತ್ರ ವಿಭಾಗದಲ್ಲಿ ಇದ್ದ ಒಬ್ಬನೇ ಮಾನವಶಾಸ್ತ್ರಜ್ಞ. ಮರುವರ್ಷ ಹೆಂಡತಿ ಫ್ರಾನ್ಸಿಸ್ ಜೊತೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೊರಟ. 1929ರಲ್ಲಿ ಮತ್ತೆ. ಅಲ್ಲಿ ಸರಮಾಕಾ ಅನ್ನುವ ಜನ ಇದ್ದಾರೆ. ಡಚ್ಚರ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ಮಕ್ಕಳು ಮೊಮ್ಮಕ್ಕಳು. ಹೋರಾಡಿ ಹೋರಾಡಿ 1762ರಲ್ಲಿ ಡಚ್ಚರಿಂದಲೇ ಒಪ್ಪಂದ ಬರೆಸಿಕೊಂಡವರು. ದೋಣಿಯಲ್ಲಿ ನದಿ ಹತ್ತಿ ಅವರ ಊರುಗಳಿಗೆ ಹೋದ ಗಂಡ ಹೆಂಡತಿ ಅಲ್ಲಿ ಇದ್ದದ್ದು ಕೆಲವೇ ವಾರ. ಆದರೆ ದೇವರ ಹೆಸರು, ಗಾದೆ, ಮರದ ಕೆತ್ತನೆ, ಡೋಲು ಇವೆಲ್ಲ ನೋಡಿ ಇವನಿಗೆ ಪಶ್ಚಿಮ ಆಫ್ರಿಕಾವೇ ಎದುರು ಬಂದ ಹಾಗಾಯಿತು. ಅಲ್ಲಿಂದ 1931ರಲ್ಲಿ ದಹೋಮಿಗೆ, ಅಂದರೆ ಇಂದಿನ ಬೆನಿನ್‌ಗೆ. 1934ರಲ್ಲಿ ಹೈಟಿಯ ಮಿರ್‌ಬಲೆ ಕಣಿವೆ. 1939ರಲ್ಲಿ ಟ್ರಿನಿಡಾಡ್‌ನ ಟೊಕೊ. 1941ರಲ್ಲಿ ಬ್ರೆಜಿಲ್‌ನ ಬಾಹಿಯಾ. ಸಮುದ್ರದ ಈಚೆ ಒಂದು ಕಾಲು, ಆಚೆ ಒಂದು ಕಾಲು.

ಫ್ರಾನ್ಸಿಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಂಗಸರ ಜೊತೆ ಕೂತು ಮಾತಾಡಿದ್ದು, ಕಥೆ ಬರೆದುಕೊಂಡದ್ದು ಆಕೆ. ಕೆಲವು ಪುಸ್ತಕಗಳ ಮೇಲೆ ಇಬ್ಬರ ಹೆಸರೂ ಇದೆ. ಪೀಠ, ಪದವಿ, ಗೌರವ ಮಾತ್ರ ಒಬ್ಬನದ್ದು. ಇದಕ್ಕೆ ಅಮೆರಿಕದವರನ್ನೇ ಯಾಕೆ ಬೈಯಬೇಕು, ನಮ್ಮಲ್ಲೂ ಎಷ್ಟು ವಿದ್ವಾಂಸರ ಮುನ್ನುಡಿಯ ಕೊನೇ ಸಾಲಿನಲ್ಲಿ 'ಕರಡು ತಿದ್ದಿದ ಶ್ರೀಮತಿಗೆ' ಅಂತ ಇರುತ್ತದೆ.

ಹೈಟಿಯಲ್ಲಿ ಅವನು ನೋಡಿದ ಒಂದು ವಿಷಯ ನನಗೆ ಬಹಳ ಇಷ್ಟ. ವೋಡು ಪೂಜೆಯಲ್ಲಿ ದಾಂಬಾಲಾ ಅನ್ನುವ ಹಾವಿನ ದೇವರು. ಆ ದೇವರ ಜಾಗದಲ್ಲಿ ಗೋಡೆಗೆ ಅಂಟಿಸಿದ್ದು ಕ್ಯಾಥೊಲಿಕ್ ಸಂತ ಪ್ಯಾಟ್ರಿಕ್‌ನ ಚಿತ್ರ. ಯಾಕೆ ಅಂದರೆ ಆ ಚಿತ್ರದಲ್ಲಿ ಸಂತನ ಕಾಲ ಬುಡದಲ್ಲಿ ಹಾವುಗಳಿವೆ. ಚರ್ಚಿನವರ ಕಥೆಯಲ್ಲಿ ಆ ಸಂತ ಹಾವುಗಳನ್ನು ಓಡಿಸಿದವನು, ಇವರ ಕಣ್ಣಿಗೆ ಹಾವಿನ ಒಡೆಯ. ಇಲ್ಲಿ ಹಳೆಯದು ಸತ್ತೂ ಹೋಗಿಲ್ಲ, ಹಾಗೇ ಉಳಿದೂ ಇಲ್ಲ. ಹೊಸ ಬಟ್ಟೆ ಹಾಕಿಕೊಂಡಿದೆ ಅನ್ನೋಣವೇ? ಹರ್ಸ್ಕೋವಿಟ್ಸ್ ಇದಕ್ಕೆ ಮರು ಅರ್ಥ ಕೊಡುವುದು ಅಂದ. ಇದನ್ನು ಓದುವಾಗ ನನಗೆ ಗಾಣಗಾಪುರ ನೆನಪಾಯಿತು, ಕಾರಣ ಇದೆ. ಟೋಗೋ, ಘಾನಾ ಕಡೆ ಭಾರತದಿಂದ ಹೋದ ದೇವರ ಕ್ಯಾಲೆಂಡರ್ ಚಿತ್ರಗಳು ನೀರಿನ ದೇವತೆಗಳ ಪೂಜೆಗೆ ಸೇರಿಕೊಂಡಿವೆ. ನಮ್ಮ ಮೂರು ತಲೆಯ ದತ್ತಾತ್ರೇಯ ಅಲ್ಲಿ ಡೆನ್ಸು ಅನ್ನುವ ನೀರಿನ ದೇವರು. ಇದನ್ನು ಬರೆದವರಲ್ಲಿ ಹೆನ್ರಿ ಡ್ರೂವಲ್ ಒಬ್ಬರು. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಕಲೆಯ ಮೇಲೆ ಬಹಳ ವರ್ಷ ಕೆಲಸ ಮಾಡಿದ ಅಮೆರಿಕನ್ ಪ್ರೊಫೆಸರ್. ಅದೇ ಡ್ರೂವಲ್ ಆಮೇಲೆ ನಮ್ಮ ಉತ್ತರ ಕನ್ನಡಕ್ಕೆ ಬಂದು ಸಿದ್ದಿ ಹೆಂಗಸರ ಕವಂದಿಗಳ ಬೆನ್ನು ಹತ್ತಿದರು. ಜಗತ್ತು ಇಷ್ಟು ಸಣ್ಣದು.

ಅಂಕಪಟ್ಟಿ

ಇಷ್ಟು ಓದುವವರೆಗೂ ಆತನ ಮೇಲೆ ನನಗೆ ಪ್ರೀತಿಯೇ ಇತ್ತು. 1941ರ ಪುಸ್ತಕವಂತೂ, 'ದಿ ಮಿತ್ ಆಫ್ ದಿ ನೀಗ್ರೋ ಪಾಸ್ಟ್', ಒಂದು ದೊಡ್ಡ ಸುಳ್ಳಿನ ಬುಡಕ್ಕೇ ಕೊಡಲಿ ಹಾಕಿತು. ಕಪ್ಪು ಜನರಿಗೆ ಹೇಳಿಕೊಳ್ಳುವಂಥ ಗತಕಾಲವೇ ಇಲ್ಲ ಅನ್ನುವ ಸುಳ್ಳು. ಹದಿನಾರು ವರ್ಷದ ಹಿಂದೆ ತಾನೇ ಬರೆದದ್ದನ್ನು ತಾನೇ ಅಳಿಸಿ ಹಾಕುವ ಪ್ರೊಫೆಸರುಗಳು ಎಷ್ಟು ಜನ ಇದ್ದಾರೆ ಹೇಳಿ.

ಆದರೆ 1945ರಲ್ಲಿ ಒಂದು ಕೋಷ್ಟಕ ಬಂತು. ಎಡಗಡೆ ಊರುಗಳ ಹೆಸರು: ಗಯಾನಾ ಕಾಡು (ಅಂದರೆ ಸುರಿನಾಮ್‌ನದ್ದು), ಹೈಟಿ, ಬಾಹಿಯಾ, ಟೊಕೊ, ಅಮೆರಿಕದ ದಕ್ಷಿಣದ ಹಳ್ಳಿ, ಉತ್ತರದ ನಗರ. ಮೇಲ್ಗಡೆ ಧರ್ಮ, ಮಾಟ, ಸಂಗೀತ, ಭಾಷೆ, ಕಲೆ ಅಂತ ಬೇರೆ ಬೇರೆ ಕಾಲಂ. ಒಳಗೆ ಅಕ್ಷರಗಳು. 'ಎ' ಅಂದರೆ ಬಹಳ ಆಫ್ರಿಕನ್, 'ಇ' ಅಂದರೆ ಸುಳಿವು ಇದೆ ಅಥವಾ ಇಲ್ಲವೇ ಇಲ್ಲ. ಥೇಟ್ ನಮ್ಮ ಹೈಸ್ಕೂಲಿನ ಅಂಕಪಟ್ಟಿ. ಸುರಿನಾಮ್ ಕಾಡಿನವರು ಫಸ್ಟ್ ರ‍್ಯಾಂಕ್, ಷಿಕಾಗೋದವರು ಕೊನೇ ಬೆಂಚು. ಅದನ್ನು ನೋಡಿದಾಗಲೇ ನನಗೆ ಯಲ್ಲಾಪುರದ ಜಗಲಿ ನೆನಪಾಗಿ ಕಿವಿ ಬಿಸಿ ಆದದ್ದು. ನಾನೂ ಅಜ್ಜಿಯ ಮುಂದೆ ಒಂದು ಅಂಕಪಟ್ಟಿ ಇಟ್ಟುಕೊಂಡೇ ಕೂತಿದ್ದೆ. ಹಳಿಯಾಳ ಅಂದರೆ ಸೊನ್ನೆ. ಆಫ್ರಿಕಾದ ಊರೊಂದರ ಹೆಸರು ಹೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಆತನ ಎದುರು ನಿಂತವರು ಇ. ಫ್ರಾಂಕ್ಲಿನ್ ಫ್ರೇಜಿಯರ್. ಹೋವರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ, ಸ್ವತಃ ಕಪ್ಪು ಮನುಷ್ಯ. ಬಾಹಿಯಾದಲ್ಲಿ ಇಬ್ಬರೂ ಒಂದು ವರ್ಷದ ಅಂತರದಲ್ಲಿ ಕೆಲಸ ಮಾಡಿದ್ದರು. ಒಂದೇ ಊರು, ಒಂದೇ ಜನ. ಮದುವೆ ಆಗದೆ ಒಟ್ಟಿಗಿರುವ ಜೋಡಿಗಳು, ಅಮ್ಮನೇ ನಡೆಸುವ ಮನೆಗಳು. ಹರ್ಸ್ಕೋವಿಟ್ಸ್‌ಗೆ ಅದರಲ್ಲಿ ಆಫ್ರಿಕಾದ ಬಹುಪತ್ನಿತ್ವದ ಮನೆಯ ನೆರಳು ಕಂಡಿತು. ಫ್ರೇಜಿಯರ್‌ಗೆ ಕಂಡದ್ದು ಬಡತನ ಮತ್ತು ಗುಲಾಮಗಿರಿ. ಗುಲಾಮರ ಮಾರುಕಟ್ಟೆಯಲ್ಲಿ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಮಾರಿದರೆ ಮನೆ ಹೇಗಿರುತ್ತದೆ? ಹಾಗೇ ಇರುತ್ತದೆ. 1942, 43ರಲ್ಲಿ ಇಬ್ಬರೂ ಪತ್ರಿಕೆಯಲ್ಲಿ ಜಗಳ ಆಡಿದರು.

ಮೊದಲು ಓದಿದಾಗ ನಾನು ಹರ್ಸ್ಕೋವಿಟ್ಸ್ ಕಡೆ ಇದ್ದೆ. ಬೇರು ಉಳಿದಿದೆ ಅನ್ನುವುದು ಕೇಳಲು ಚೆಂದ ಅಲ್ವಾ. ಫ್ರೇಜಿಯರ್ ಯಾಕೆ ಇಷ್ಟು ಗಟ್ಟಿಯಾಗಿ ಬೇಡ ಅನ್ನುತ್ತಾರೆ ಅಂತ ಕಿರಿಕಿರಿ. ಆಮೇಲೆ ನಿಧಾನಕ್ಕೆ ಅರ್ಥ ಆಯಿತು. ಮನೆ ಒಡೆದದ್ದು ಆಫ್ರಿಕಾದಿಂದ ಬಂದ ಪದ್ಧತಿ ಅಂದುಬಿಟ್ಟರೆ ಒಡೆದವನ ಕೈ ಮರೆಗೆ ಹೋಗುತ್ತದೆ. ಜೊತೆಗೆ 'ಇವರು ಮೂಲದಲ್ಲೇ ಬೇರೆ' ಅನ್ನುವವರ ಕೈಗೆ ಒಂದು ದೊಣ್ಣೆ ಸಿಗುತ್ತದೆ. ಹರ್ಸ್ಕೋವಿಟ್ಸ್‌ಗೆ ಆಫ್ರಿಕಾ ಒಂದು ಹೆಮ್ಮೆ. ಫ್ರೇಜಿಯರ್ ಮಾತ್ರ ಆ ಹೆಮ್ಮೆಗೆ ಬೀಳುವ ಬಿಲ್ ನೋಡುತ್ತಿದ್ದರು, ಯಾಕೆಂದರೆ ಅದನ್ನು ಕಟ್ಟಬೇಕಾದವರು ಅವರ ಜನ. ಯಾರು ಸರಿ ಅಂತ ನಾನೇನು ತೀರ್ಪು ಕೊಡುವುದಿಲ್ಲ. ಸಂಗೀತ, ದೇವರು, ಅಡುಗೆ ವಿಷಯದಲ್ಲಿ ಹರ್ಸ್ಕೋವಿಟ್ಸ್, ಮನೆಯ ವಿಷಯದಲ್ಲಿ ಫ್ರೇಜಿಯರ್ ಅಂತ ಸದ್ಯಕ್ಕೆ ನನ್ನ ಲೆಕ್ಕ.

ಬೀಗದ ಕೈ ಯಾರ ಹತ್ತಿರ

ಇನ್ನು ಕೆಲಸದ ಮನುಷ್ಯನಾಗಿ ಆತ. ಇವಾನ್‌ಸ್ಟನ್‌ನಲ್ಲಿ 1938ರಲ್ಲಿ ಮಾನವಶಾಸ್ತ್ರಕ್ಕೆ ಸ್ವಂತ ವಿಭಾಗ, 1948ರಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರ, 1954ರಲ್ಲಿ ಅದಕ್ಕೊಂದು ಲೈಬ್ರರಿ. ಅದಕ್ಕೆ ಈಗಲೂ ಅವನದೇ ಹೆಸರು. 1957ರಲ್ಲಿ ಆಫ್ರಿಕನ್ ಸ್ಟಡೀಸ್ ಅಸೋಸಿಯೇಷನ್‌ಗೆ ಮೊದಲ ಅಧ್ಯಕ್ಷ. ಶಿಷ್ಯರ ಸಾಲು ಕೇಳಿ: ಯೊರುಬಾ ವಿದ್ವಾಂಸ ವಿಲಿಯಂ ಬ್ಯಾಸ್ಕಮ್, ಆಫ್ರಿಕಾದ ಭಾಷೆಗಳನ್ನು ಕುಟುಂಬ ಕುಟುಂಬವಾಗಿ ವಿಂಗಡಿಸಿದ ಜೋಸೆಫ್ ಗ್ರೀನ್‌ಬರ್ಗ್, ಮುಂದೆ ಸ್ಪೆಲ್ಮನ್ ಕಾಲೇಜಿನ ಅಧ್ಯಕ್ಷೆಯಾದ ಜಾನೆಟಾ ಕೋಲ್. 1935ರಲ್ಲಿ ಕ್ಯಾಥರೀನ್ ಡನ್ಹಮ್ ಅನ್ನುವ ಹುಡುಗಿ ನೃತ್ಯ ಕಲಿಯಲು ಕೆರಿಬಿಯನ್‌ಗೆ ಹೊರಟಾಗ ಅವಳನ್ನು ತಯಾರು ಮಾಡಿ ಕಳಿಸಿದ್ದೂ ಈತನೇ. ಅವಳು ಹೈಟಿಯಲ್ಲಿ ವೋಡು ದೀಕ್ಷೆ ತೆಗೆದುಕೊಂಡು, ಕಂಡದ್ದನ್ನು ಪ್ರಬಂಧದಲ್ಲಿ ಮಾತ್ರ ಬರೆಯದೆ ರಂಗದ ಮೇಲೆ ಕುಣಿದು ತೋರಿಸಿದಳು.

ಅದೇ ಮನುಷ್ಯ ಕಪ್ಪು ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ವಿಶ್ವಕೋಶದ ಯೋಜನೆಗೆ ಅಡ್ಡ ಮಾತಾಡಿದ. ಕಪ್ಪು ಜನರ ಬದುಕಿನ ಬಗ್ಗೆ ದೊಡ್ಡ ವಿಶ್ವಕೋಶ ತರಬೇಕು ಅಂತ ಡುಬಾಯ್ಸ್ 1930ರ ದಶಕದಲ್ಲಿ ಹಣಕ್ಕಾಗಿ ಅಲೆಯುತ್ತಿದ್ದರು. ದುಡ್ಡು ಕೊಡುವ ಫೌಂಡೇಶನ್‌ಗಳು ಹರ್ಸ್ಕೋವಿಟ್ಸ್ ಮಾತಿಗೆ ಕಿವಿ ಕೊಡುತ್ತಿದ್ದವು. ಆತ ಬೇಡ ಅಂದವರ ಸಾಲಿನಲ್ಲಿದ್ದ. ಡುಬಾಯ್ಸ್ ಹೋರಾಟಗಾರ, ವಿಜ್ಞಾನಿಗೆ ಬೇಕಾದ ದೂರ ಅವರಿಗಿಲ್ಲ ಅನ್ನುವ ಧಾಟಿ. ಅಂದರೆ ಕಪ್ಪು ಜನರ ಬಗ್ಗೆ ಕಪ್ಪು ಮನುಷ್ಯ ಬರೆದರೆ ಪಕ್ಷಪಾತ, ಬಿಳಿಯ ಬರೆದರೆ ಶಾಸ್ತ್ರ. ಆ ಜನರ ಪರವಾಗಿ ಇಷ್ಟು ದುಡಿದವನಿಗೆ ಇದು ಯಾಕೆ ಕಾಣಲಿಲ್ಲವೋ. ನನಗಂತೂ ಇದನ್ನು ಕ್ಷಮಿಸಲು ಆಗಿಲ್ಲ.

1963ರಲ್ಲಿ ಆತ ತೀರಿಕೊಂಡ. ಆರು ವರ್ಷದ ನಂತರ, 1969ರಲ್ಲಿ, ಮಾಂಟ್ರಿಯಾಲ್‌ನಲ್ಲಿ ಆ ಅಸೋಸಿಯೇಷನ್ನಿನ ಸಮ್ಮೇಳನ ನಡೆಯುತ್ತಿದ್ದಾಗ ಕಪ್ಪು ವಿದ್ವಾಂಸರು ವೇದಿಕೆ ಹತ್ತಿ ಸಭೆ ನಿಲ್ಲಿಸಿದರು. ಆಫ್ರಿಕಾದ ಬಗ್ಗೆ ನಡೆಯುವ ಸಂಘದಲ್ಲಿ ನಮ್ಮ ಪಾಲು ಎಲ್ಲಿ ಅಂತ. ಬಹಳ ಜನ ಅಲ್ಲಿಂದ ಹೊರಗೆ ನಡೆದು ತಮ್ಮದೇ ಸಂಘದ ಜೊತೆ ನಿಂತರು.

ನಮ್ಮ ಮನೆ ಅಂಗಳದ ಕ್ಯಾಲಿಪರ್

ಇದೆಲ್ಲ ಅಮೆರಿಕದ ಕಥೆ ಅಂತ ಬದಿಗಿಡಬಹುದಿತ್ತು. ಆದರೆ 1987ರಲ್ಲಿ ನಮ್ಮಲ್ಲಿ ಸರ್ಕಾರವೇ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಡುವ ಯೋಜನೆ ಶುರು ಮಾಡಿತು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳು. ಕಾರಣ, ಅವರ ಮೈಯಲ್ಲಿ ಆಫ್ರಿಕಾ ಇದೆ, ಒಲಿಂಪಿಕ್ಸ್ ಪದಕ ಬರುತ್ತದೆ. ಮಕ್ಕಳು ಓಡಿದರು, ಗೆದ್ದರು ಕೂಡ. 1990ರ ದಶಕದ ಮೊದಲ ವರ್ಷಗಳಲ್ಲೇ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್ ಬಂದರು. ಹಾರ್ಲೆಮ್‌ನಲ್ಲಿ ತಲೆ ಅಳೆದರು, ಇಲ್ಲಿ ಕಾಲು ಅಳೆದರು.

ಇನ್ನೊಂದು ಅಳತೆ ಪರಿಶಿಷ್ಟ ಪಂಗಡದ್ದು. ಉತ್ತರ ಕನ್ನಡದ ಸಿದ್ದಿಗಳಿಗೆ ಅದು ಸಿಕ್ಕಿದ್ದು 2003ರಲ್ಲಿ, ಬೆಳಗಾವಿ ಧಾರವಾಡದವರಿಗೆ 2020ರಲ್ಲಿ. ಯಾರು ಬುಡಕಟ್ಟು ಅನ್ನುವುದಕ್ಕೆ 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ 'ಬೇರೆಯದೇ ಸಂಸ್ಕೃತಿ' ಅಂತ ಒಂದು ಇದೆ. ಅಂದರೆ ಪಕ್ಕದ ಮನೆಯವರ ಜೊತೆ ನಾನೂರು ವರ್ಷ ಬೆರೆತು ಬಾಳಿದವರು, ಕೊಂಕಣಿ ಕನ್ನಡ ಮರಾಠಿ ಉರ್ದು ಆಡುವವರು, ಹಿಂದೂ ಕ್ರೈಸ್ತ ಮುಸ್ಲಿಂ ಆಗಿರುವವರು, ಕಾಗದದ ಮುಂದೆ ನಿಂತಾಗ ಮಾತ್ರ ನಾವು ಬೇರೆ ಅಂತ ತೋರಿಸಬೇಕು. ಆ ಕಾಗದ ಅವರಿಗೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೇರೆ ಅನ್ನುವುದರಿಂದ ಫ್ರೇಜಿಯರ್ ಹೆದರಿದ್ದರು. ಇಲ್ಲಿ ಅದೇ ಅನ್ನ ಕೊಟ್ಟಿತು.

ನಮ್ಮವರೇ ಆದ ಟಿ. ಸಿ. ಪಾಲಾಕ್ಷಪ್ಪ 1976ರಲ್ಲೇ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಪುಸ್ತಕ ತಂದಿದ್ದರು. 2007ರಲ್ಲಿ ಘಾನಾ ಮೂಲದ ಪ್ರೊಫೆಸರ್ ಪ್ಯಾಶಿಂಗ್ಟನ್ ಒಬೆಂಗ್ ಇನ್ನೊಂದು ತಂದರು. ಒಬ್ಬ ಆಫ್ರಿಕನ್ ವಿದ್ವಾಂಸ ಹಳಿಯಾಳದ ಹಳ್ಳಿಯಲ್ಲಿ ಸಿದ್ದಿಗಳ ಎದುರು ಕೂತ ಆ ಹೊತ್ತನ್ನು ನಾನು ಬಹಳ ಸಲ ಕಲ್ಪಿಸಿಕೊಂಡಿದ್ದೇನೆ. ಯಾರು ಯಾರನ್ನು ಮೊದಲು ಎಲ್ಲಿಯವರು ಅಂತ ಕೇಳಿರಬಹುದು?

ಸರಮಾಕಾ ಜನರ ಬಗ್ಗೆ ಒಂದು ವಿಷಯ ಹರ್ಸ್ಕೋವಿಟ್ಸ್ ನಂತರ ಹೋದ ರಿಚರ್ಡ್ ಪ್ರೈಸ್ ಬರೆದಿದ್ದಾರೆ. ಹಿರಿಯರು ತೋಟದಿಂದ ಓಡಿ ಬಂದ ಕಾಲವನ್ನು ಅವರು 'ಮೊದಲ ಕಾಲ' ಅನ್ನುತ್ತಾರೆ. ಅದರ ಮಾತು ಅಪಾಯದ ಮಾತು. ಯಾರೂ ಪೂರ್ತಿ ಹೇಳುವುದಿಲ್ಲ, ಕೇಳಿದವರಿಗೆಲ್ಲ ಹೇಳುವುದಿಲ್ಲ, ಸ್ವಂತ ಮೊಮ್ಮಗನಿಗೂ ಚೂರು ಚೂರೇ. ಕೆಲವೇ ವಾರ ಇದ್ದು ಹೋದ ಪ್ರೊಫೆಸರಿಗೆ ಎಷ್ಟು ಸಿಕ್ಕಿರಬಹುದು. ಒಂದು ಮಧ್ಯಾಹ್ನ ಕೂತ ನನಗೆ ಹಳಿಯಾಳ, ಮುಂಡಗೋಡ ಸಿಕ್ಕಿತು. ಜಾಸ್ತಿಯೇ ಆಯಿತು.

ಒಂದು ಹಾಡು

ಹೋದ ವರ್ಷ ಮಳೆ ಕಳೆದ ಮೇಲೆ ಮತ್ತೆ ಆ ಮನೆಗೆ ಹೋದೆ. ಅಜ್ಜಿಗೆ ನನ್ನ ನೆನಪಿತ್ತೋ ಇಲ್ಲವೋ, ಚಾ ಕೊಟ್ಟರು. ಈ ಸಲ ನಾನು ಏನೂ ಕೇಳಬಾರದು, ನನ್ನ ಹತ್ತಿರ ಇರುವುದನ್ನು ಹೇಳಬೇಕು ಅಂತ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಹಾಗಾಗಿ ಲೊರೆಂಜೊ ಟರ್ನರ್ ಕಥೆ ಹೇಳಿದೆ. ಟರ್ನರ್ ಕಪ್ಪು ಭಾಷಾ ವಿದ್ವಾಂಸ, ಹರ್ಸ್ಕೋವಿಟ್ಸ್ ಕಾಲದವರೇ. 1930ರ ದಶಕದ ಶುರುವಿನಲ್ಲಿ ಅಮೆರಿಕದ ಜಾರ್ಜಿಯಾ ಕರಾವಳಿಯಲ್ಲಿ ಅಮೀಲಿಯಾ ಡಾಲಿ ಅನ್ನುವ ಹೆಂಗಸಿನ ಬಾಯಿಂದ ಒಂದು ಹಾಡು ರೆಕಾರ್ಡ್ ಮಾಡಿಕೊಂಡರು. ಹಾಡಿದವಳಿಗೇ ಅರ್ಥ ಗೊತ್ತಿಲ್ಲ, ಮನೆಯ ಹಿರಿಯರಿಂದ ಕಲಿತದ್ದು. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆ ಅಂತ ಗೊತ್ತಾಯಿತು. ಅರವತ್ತು ವರ್ಷದ ಹತ್ತಿರ ಹತ್ತಿರ ಕಳೆದ ಮೇಲೆ ಕೆಲವು ವಿದ್ವಾಂಸರು ಹುಡುಕುತ್ತಾ ಹೋದಾಗ ಅಲ್ಲಿಯ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಹೆಂಗಸು ಅದೇ ಹಾಡು ಹಾಡಿದಳು. ಈ ಕಡೆ ಅಮೀಲಿಯಾಳ ಮಗಳು ಮೇರಿ ಮೋರಾನ್‌ಗೂ ಹಾಡು ನೆನಪಿತ್ತು. 1997ರಲ್ಲಿ ಮೇರಿ ಸಮುದ್ರ ದಾಟಿ ಆ ಊರಿಗೆ ಹೋದಳು. ಆ ಊರಿನಲ್ಲಿ ಅದು ಸತ್ತವರನ್ನು ಕಳಿಸುವಾಗ ಹೆಂಗಸರು ಹಾಡುವ ಹಾಡು. ಅಮೆರಿಕದಲ್ಲಿ ಅದೇ ಮಕ್ಕಳನ್ನು ಆಡಿಸುವ ಹಾಡು ಆಗಿತ್ತು.

ಅಜ್ಜಿ ಸೂಜಿ ನಿಲ್ಲಿಸಿದರು. "ಹೆಣದ ಹಾಡು ಹೇಳಿ ಮಕ್ಕಳನ್ನ ಆಡ್ಸ್ತಿದ್ರಾ?"

"ಹೌದು ಅಜ್ಜಿ. ಅವರಿಗೆ ಗೊತ್ತಿರಲಿಲ್ಲ."

"ಮಕ್ಕಳು ಮಲಗ್ತಿದ್ವಾ?"

ಅದನ್ನು ಯಾವ ಪ್ರೊಫೆಸರೂ ಬರೆದಿದ್ದು ನಾನು ನೋಡಿಲ್ಲ. ಸುಮ್ಮನೆ ತಲೆ ಆಡಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಬಟ್ಟೆ ತುಂಡು ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, ನನಗೆ ಅಂತ ಅಲ್ಲ, ಎರಡು ಸಾಲು ಗುನುಗಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ರಾಗ ಎಲ್ಲಿಂದಲೋ ಬಂದ ಹಾಗಿತ್ತು. ಎದೆ ಹೊಡೆದುಕೊಳ್ಳತೊಡಗಿತು, ಕೈ ತಾನಾಗಿ ಮೊಬೈಲಿಗೆ ಹೋಯಿತು. ಏನೂ ಕೇಳಬಾರದು ಅಂತ ಮಾಡಿಕೊಂಡ ತೀರ್ಮಾನ ಎಲ್ಲಿ ಹೋಯಿತೋ.

"ಅಜ್ಜಿ, ಇದು ಯಾವ ಭಾಷೆ?"

"ಕೊಂಕಣಿ" ಅಂದರು ಅಜ್ಜಿ. "ಚರ್ಚಿನಲ್ಲಿ ಫಾದರ್ ಕಲ್ಸಿದ್ದು."